ನವಾಬನ ಕೊಂಬಿಗೆ ಕಟ್ಟಿದ ಕೊಲೆ

ಟಗರಿನ ನಾಲ್ಕೂ ಕಾಲು ಕಟ್ಟಿ ಕೆಡವಿ ಆಗಿತ್ತು. ಕಸಾಯಿ ಮೊಹಿನುದ್ದೀನ್ ಚಾಕುವನ್ನು ಕಲ್ಲಿಗೆ ಉಜ್ಜಿ, ಹೆಬ್ಬೆರಳಿನಿಂದ ಅಲಗು ಸವರಿ ನೋಡುತ್ತಿದ್ದ. ಅಷ್ಟರಲ್ಲಿ ಪೊಲೀಸ್ ಜೀಪು ಗೇಟಿನೊಳಗೆ ನುಗ್ಗಿತು.

"ಚಾಕು ಕೆಳಗಿಡ್ರಿ!"

ಜೀಪು ಪೂರ್ತಿ ನಿಲ್ಲುವ ಮೊದಲೇ ಪಿಎಸ್‌ಐ ಪ್ರಣಿತಾ ಕೆಳಗೆ ಜಿಗಿದಿದ್ದಳು. ಮೊಹಿನುದ್ದೀನ್ ಚಾಕುವನ್ನು ಸಂತೋಷದಿಂದಲೇ ನೆಲಕ್ಕಿಟ್ಟ. "ನಂಗೂ ಇದು ಸರಿ ಕಾಣಂಗಿಲ್ರಿ ಮೇಡಂ. ನಾ ತಿನ್ನವರ ಸಲುವಾಗಿ ಕೊಯ್ತೀನಿ. ಸಿಟ್ಟು ತೀರಸ್ಕೊಳ್ಳೋರ ಸಲುವಾಗಿ ಅಲ್ಲ."

"ಸಿಟ್ಟಲ್ಲೋ, ಇನ್ಸಾಫ್, ನ್ಯಾಯ," ಎಂದ ಗೋವರ್ಧನ. ಈ ಟಗರು ಕೇಂದ್ರದ ಮಾಲೀಕ ಅವನು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ, ಬಸಿಗೆ ಚಹಾ ಸುರಿದುಕೊಂಡು ಸೊರ್ರೆಂದು ಹೀರುತ್ತ ಕುಳಿತಿದ್ದ. "ಮನಷ್ಯಾನ್ನ ಕೊಂದ ಜನಾವರ ಮೇಡಂ ಇದು. ಇವತ್ತು ಕೊಯ್ದು ಹಂಚಿಬಿಡ್ತೀನಿ. ರತ್ನದೀಪನ ಮನಿಗೂ ಒಂದು ಪಾಲು ಕಳಸ್ತೀನಿ."

ಹೇಳಿ ತಾನೇ ನಕ್ಕ. ಸುತ್ತ ನಿಂತ ಆಳುಗಳೂ ನಗಬೇಕಾಯಿತು. ಸಂಬಳ ಕೊಡುವವನು ನಕ್ಕಾಗ ನಗದಿರುವುದು ಕಷ್ಟ.

ಹುಮನಾಬಾದಿನ ಹೊರಗೆ ಹೆದ್ದಾರಿಗೆ ಹತ್ತಿಕೊಂಡಿರುವ ಈ ಕೇಂದ್ರದಲ್ಲಿ ಟಗರುಗಳ ವೀರ್ಯ ಹಿಡಿಯುತ್ತಿದ್ದ ರತ್ನದೀಪ ಮೊನ್ನೆ ಬೆಳಿಗ್ಗೆ ನವಾಬನೆಂಬ ಇದೇ ಟಗರಿನ ದೊಡ್ಡಿಯಲ್ಲಿ ಎದೆಗೂಡು ಒಡೆದು ಸತ್ತು ಬಿದ್ದಿದ್ದ. ಅಂಗಿಯೊಳಗೆ ತೊಟ್ಟ ಜಾಕೀಟಿನ ಕಿಸೆಯಲ್ಲಿ ವೀರ್ಯ ತುಂಬಿದ ಗಾಜಿನ ನಳಿಕೆ ಇತ್ತು. ಟಗರೇ ಕೊಂದಿತೆಂದು ಆ ನಳಿಕೆಯೇ ಎಲ್ಲರನ್ನೂ ಒಪ್ಪಿಸಿಬಿಟ್ಟಿತ್ತು.

ಯಾಕೆಂದರೆ ಚಳಿಗಾಲದಲ್ಲಿ ಈ ಕೆಲಸದವರು ನಳಿಕೆಯನ್ನು ಕೈಯಲ್ಲಿ ಹಿಡಿದು ನಡೆಯುವುದಿಲ್ಲ. ಬೆಳಗಿನ ತಣ್ಣನೆ ಗಾಳಿ ತಾಗಿದರೆ ಸಾಕು, ಟಗರಿನ ವೀರ್ಯಾಣುಗಳು ಬಾಲ ಸುರುಟಿಕೊಂಡು ಸಾಯುತ್ತವೆ. ಅದಕ್ಕೇ ಹಿಡಿದ ತಕ್ಷಣ ನಳಿಕೆಯನ್ನು ಎದೆಗೆ ಹತ್ತಿದ ಒಳಗಿಸೆಗೆ ಇಳಿಸಿ, ಮೈಯ ಶಾಖದಲ್ಲೇ ಲ್ಯಾಬಿನವರೆಗೆ ಒಯ್ಯುತ್ತಾರೆ. ಹಾಗಾಗಿ ಕತೆ ಸರಳವಾಗಿತ್ತು: ರತ್ನದೀಪ ವೀರ್ಯದ ಹನಿ ಹಿಡಿದ, ಕಿಸೆಗಿಟ್ಟ, ತಿರುಗಿದ, ಟಗರು ಹಾಯಿತು.

ಮಂಠಾಳದ ಕಮಳಾಬಾಯಿ ಮಾತ್ರ ಒಪ್ಪಲಿಲ್ಲ. ಸತ್ತವನ ತಾಯಿ. ಮಗನ ಹೆಣದ ಪಕ್ಕದಲ್ಲೇ ಪ್ರಣಿತಾಳ ಕೈ ಹಿಡಿದು ಹೇಳಿದ್ದಳು. "ನನ್ನ ಮಗನ ದನಿ ಕೇಳಿದ್ರ ಆ ಟಗರು ಕುತ್ತಿಗಿ ಚಾಚ್ತಿತ್ತು ತಾಯಿ. ಅದು ಕೊಂದಿಲ್ಲ. ಕೊಂದವರ ಹೆಸರು ತಂದು ನನ್ನ ಮುಂದ ಹೇಳು. ಅಲ್ಲೀತನಕ ನಾ ಸತ್ತವರ ಪುಣ್ಯಾನುಮೋದನ ವಿಧಿ ಮಾಡಂಗಿಲ್ಲ, ನನ್ನ ಮಗಗ ಶಾಂತಿನೂ ಬ್ಯಾಡ."

ತಂದು ಹೇಳ್ತೀನಿ ಎಂದು ಪ್ರಣಿತಾ ಮಾತು ಕೊಟ್ಟಿದ್ದಳು. ಪೊಲೀಸರು ಹಾಗೆಲ್ಲ ಮಾತು ಕೊಡಬಾರದು. ಕೊಟ್ಟ ಮೇಲೆ ಅವಳಿಗೂ ಅದು ಗೊತ್ತಾಗಿತ್ತು. ಈಗ ಈ ಟಗರು ಸತ್ತು ಹೋದರೆ ಅದರ ಜೊತೆ ಪ್ರಕರಣವೂ ಸತ್ತಂತೆ. ಅಪಘಾತವೆಂದು ಬರೆದು ಮುಚ್ಚುವುದೊಂದೇ ಉಳಿಯುತ್ತಿತ್ತು.

"ಬಿಚ್ರಿ ಅದನ್ನ," ಎಂದಳು.

ಟಗರಿನ ತಲೆಯ ಬಳಿ ಕಂಬಳಿ ಹೊದ್ದು ಕುಕ್ಕರಗಾಲಲ್ಲಿ ಕುಳಿತಿದ್ದ ಮುದುಕ ಆ ಮಾತಿಗೇ ಕಾಯುತ್ತಿದ್ದವನಂತೆ ಹಗ್ಗಕ್ಕೆ ಕೈ ಹಾಕಿದ. ನಾರಾಯಣಪುರದ ಕುರಿಗಾರ ಅಮೋಘಸಿದ್ದಪ್ಪ. ನವಾಬ ಹುಟ್ಟಿದ್ದು ಇವನ ಹಿಂಡಿನಲ್ಲಿ. ಮರಿಯಾಗಿದ್ದಾಗ ಇದೇ ಕಂಬಳಿಯಲ್ಲಿ ಮಲಗಿತ್ತು. ಗೋವರ್ಧನನಿಗೆ ಮಾರಿದ ಮೇಲೂ ವಾರಕ್ಕೊಮ್ಮೆ ಬಂದು ಅದರ ಕೊಂಬು ನೇವರಿಸಿ ಹೋಗುತ್ತಿದ್ದ. ಆದರೆ ಪ್ರಣಿತಾ ಇನ್ನೊಂದನ್ನೂ ಮರೆತಿರಲಿಲ್ಲ. ರತ್ನದೀಪ ಸಾಯುವ ವಾರವೇ ಬಸವಕಲ್ಯಾಣದ ಸಂತೆಯಲ್ಲಿ ಇದೇ ಮುದುಕ ಅವನ ಕೊರಳಪಟ್ಟಿ ಹಿಡಿದು, "ನನ್ನ ಕುರಿ ಈದ ಮರಿ ನವಾಬನವಲ್ಲ. ನನ್ನ ಕಣ್ಣಿಗೆ ಮಣ್ಣು ಹಾಕ್ತಿ ಏನಲೇ? ಹುಗಿದುಬಿಡ್ತೀನಿ," ಎಂದು ಕೂಗಾಡಿದ್ದನ್ನು ಸಂತೆಗೆ ಸಂತೆಯೇ ಕೇಳಿತ್ತು.

ಜೀಪಿನ ಹಿಂದಿನಿಂದ ಪಶುವೈದ್ಯ ಸೈಫುದ್ದೀನ್ ಮೈಕ್ರೋಸ್ಕೋಪಿನ ಪೆಟ್ಟಿಗೆ ತಬ್ಬಿಕೊಂಡು ಇಳಿದರು.

"ಇವ್ರು ಯಾಕ ಬಂದಾರ?" ಗೋವರ್ಧನನ ಬಸಿ ತುಟಿಯ ಹತ್ತಿರವೇ ನಿಂತಿತು.

"ನಿಮ್ಮ ನವಾಬನ ಹನಿ ನೋಡಾಕ."

"ಸತ್ತ ಮನಷ್ಯಾಗೂ ಟಗರಿನ ಹನಿಗೂ ಏನ್ ಸಂಬಂಧ್ರಿ?"

"ಅದನ್ನೂ ಅವ್ರೇ ನೋಡಿ ಹೇಳ್ತಾರ."

ಕಟ್ಟುಗೂಟಕ್ಕೆ ಹೆಣ್ಣು ಕುರಿಯೊಂದನ್ನು ಹಿಡಿದು ತಂದವನು ಸುಮೇಧ, ರತ್ನದೀಪನ ತಮ್ಮ. ದೊಡ್ಡಿ ಗುಡಿಸುವುದು, ಮೇವು ಹಾಕುವುದು, ಹನಿ ಹಿಡಿಯುವಾಗ ಹೆಣ್ಣು ಕುರಿಯನ್ನು ಅಲುಗಾಡದಂತೆ ಹಿಡಿಯುವುದು ಅವನ ಕೆಲಸ. ಅಣ್ಣನ ಚಿತೆ ಆರುವ ಮೊದಲೇ ಗೋವರ್ಧನ ಅವನನ್ನು ಕೆಲಸಕ್ಕೆ ಕರೆಸಿಕೊಂಡಿದ್ದ. ಎಲ್ಲರೂ ಕಂಬಳಿ, ಮಫ್ಲರು ಸುತ್ತಿಕೊಂಡು ನಿಂತ ಆ ಬೆಳಗಿನಲ್ಲಿ ಅವನ ಮೈಮೇಲೆ ಒಂದು ತೆಳು ಅಂಗಿ ಮಾತ್ರ ಇತ್ತು. ಹಲ್ಲು ಕಟಕಟ ಎನ್ನುತ್ತಿದ್ದವು.

"ಏನರ ಹಾಕ್ಕೋಬಾರದೇನೋ?" ಪ್ರಣಿತಾ ಕೇಳಿದಳು.

"ಅಣ್ಣ ಹೋದ ಮ್ಯಾಲ ಚಳಿನೂ ಗೊತ್ತಾಗವಲ್ದು ಮೇಡಂ."

ಪ್ರಣಿತಾಳಿಗೆ ಅಯ್ಯೋ ಎನಿಸಿತು. ಜೀಪಿನಲ್ಲಿದ್ದ ತನ್ನ ಶಾಲನ್ನೇ ತಂದು ಕೊಟ್ಟಳು. ಅವನು ಹೊದೆಯಲಿಲ್ಲ, ಕಟ್ಟುಗೂಟದ ಮೇಲೆ ಹಾಕಿದ.

ಸೈಫುದ್ದೀನ್ ರಬ್ಬರಿನ ಕೊಳವೆಯ ಪದರಕ್ಕೆ ಬಿಸಿನೀರು ತುಂಬಿ, ಕೆನ್ನೆಗೆ ಒತ್ತಿ ಶಾಖ ನೋಡಿದರು. ತುದಿಗೆ ಗಾಜಿನ ನಳಿಕೆ ಸಿಕ್ಕಿಸಿದರು. ನವಾಬನನ್ನು ಹೆಣ್ಣು ಕುರಿಯ ಹಿಂದೆ ತಂದು ನಿಲ್ಲಿಸಿದರು. ಕರಿ ಮೈಯ, ಎರಡು ಸುತ್ತು ಕೊಂಬಿನ, ಒಂದು ಕಾಲಕ್ಕೆ ನೋಡುವವರು ಗೇಟಿಗೆ ಬಂದು ನಿಲ್ಲುತ್ತಿದ್ದಂಥ ಟಗರು. ಈಗ ಮೂತಿ ಕೆಳಗೆ ಹಾಕಿ ನಿಂತೇ ಇತ್ತು. ಮೂಸಲೂ ಇಲ್ಲ.

"ಅದು ಸುಮ್ಮ ಏರಂಗಿಲ್ಲ," ಗೋವರ್ಧನ ಕುಳಿತಲ್ಲಿಂದಲೇ ಕೂಗಿದ. "ಏ ಸುಮೇಧ, ಕರೆಂಟ್ ಕಡ್ಡಿ ತಾ."

ಸೈಫುದ್ದೀನ್ ತಲೆ ಎತ್ತಿದರು. "ಕರೆಂಟ್ ಕಡ್ಡಿ? ಹಿಂದಿನಿಂದ ಕರೆಂಟ್ ಹಚ್ಚಿ ದಿನಾ ಹನಿ ಇಳಸ್ತೀರೇನು?"

"ಡಿಮ್ಯಾಂಡ್ ಇದ್ದಾಗ ಹಚ್ಚಬೇಕಾಗ್ತದ ಡಾಕ್ಟ್ರ. ದಿನಕ್ಕ ಒಮ್ಮೆ ಕೊಟ್ರ ಯಾರಿಗೆ ಸಾಲ್ತದ?"

ಅಮೋಘಸಿದ್ದಪ್ಪ ಟಗರಿನ ಬಾಲ ಎತ್ತಿದ. ಒಳಚರ್ಮ ಸುಟ್ಟು, ಒಣಗಿ, ಮತ್ತೆ ಸುಟ್ಟು ಕರಿಕಟ್ಟಿತ್ತು. ಕೀವು ಜಿನುಗುತ್ತಿದ್ದ ಕಡೆ ನೊಣ ಕುಳಿತಿದ್ದವು. ಆಳುಗಳು ಮುಖ ತಿರುಗಿಸಿದರು. ಗೋವರ್ಧನ ತಿರುಗಿಸಲಿಲ್ಲ, ಅವನಿಗೆ ಅದು ಹೊಸದಾಗಿರಲಿಲ್ಲ.

"ಬಾ ನನ್ನಪ್ಪ," ಎಂದು ಮುದುಕ ಟಗರಿನ ಕಿವಿಯಲ್ಲಿ ಹೇಳಿದ. "ಇದೊಂದ್ ಸಲ. ನಿನ್ನ ಜೀವಕ್ಕ ಏರು." ಅಳುತ್ತಲೇ ಕೊಂಬಿನ ಬುಡ ತಿಕ್ಕಿದ. ಹಳೇ ಕೈ ನೆನಪಾಯಿತೋ ಏನೋ, ನವಾಬ ಕಾಲು ನಡುಗಿಸುತ್ತ ಏರಿತು. ಸೈಫುದ್ದೀನ್ ಕೊಳವೆ ಹಿಡಿದರು. ಕ್ಷಣದಲ್ಲಿ ಮುಗಿಯಿತು.

ನಳಿಕೆಯನ್ನು ಬೆಳಕಿಗೆ ಹಿಡಿದ ಡಾಕ್ಟರು ಹುಬ್ಬು ಗಂಟಿಕ್ಕಿದರು. ಒಳ್ಳೆಯ ಟಗರಿನದು ಕೆನೆಯಷ್ಟು ಗಟ್ಟಿ ಇರಬೇಕು. ಇದು ಅಕ್ಕಿ ತೊಳೆದ ನೀರಿಗಿಂತ ತೆಳ್ಳಗಿತ್ತು.

ಅಂಗಳದ ಕಟ್ಟೆಯ ಮೇಲೆಯೇ ಮೈಕ್ರೋಸ್ಕೋಪು ಇಟ್ಟು, ಗಾಜನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಒಂದು ಹನಿ ಹಾಕಿ ನೋಡಿದರು. ಮತ್ತೊಂದು ಹನಿ ಹಾಕಿದರು. ಆಮೇಲೆ ಎದ್ದು ಪ್ರಣಿತಾಳಿಗೆ ಜಾಗ ಬಿಟ್ಟರು.

"ನೋಡ್ರಿ. ಛಲೋ ಟಗರಿಂದಾದ್ರ ಕುದಿಯೋ ಗಂಜಿ ಹ್ಯಾಂಗ ಹೊರಳ್ತದ, ಹಂಗ ಕಾಣಬೇಕು."

ಪ್ರಣಿತಾ ಕಣ್ಣಿಟ್ಟಳು. ಬಿಳಿ ಬೆಳಕು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

"ಸತ್ತಾವೇನು?"

"ಸಾಯಾಕ ಇರಬೇಕಲ್ರಿ. ಒಂದೂ ಇಲ್ಲ. ಖಾಲಿ." ಸೈಫುದ್ದೀನ್ ಬಗ್ಗಿ ಟಗರಿನ ಬೀಜಗಳನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿ ನೋಡಿದರು. "ಬತ್ತಿ ಕಲ್ಲಾಗ್ಯಾವ. ಬ್ಯಾನಿ ಬಂದು, ಔಷಧ ಇಲ್ಲದ, ಮ್ಯಾಲಿಂದ ಮ್ಯಾಲ ಕರೆಂಟ್ ಹಚ್ಚಿ ಕೊಂದಾರ. ಇದು ವಾರದ ಮಾತಲ್ಲ ಮೇಡಂ. ಆರೇಳು ತಿಂಗಳಾದ್ರೂ ಆಗ್ಯಾವ, ಇದು ಒಂದು ವೀರ್ಯಾಣು ಕೊಟ್ಟಿಲ್ಲ."

"ಹಂಗಾದ್ರ ರತ್ನದೀಪನ ಕಿಸೆದಾಗ ಸಿಕ್ಕ ನಳಿಕೆ?"

"ನೀವು ನಿನ್ನೆ ಕೊಟ್ಟಿದ್ದು? ಅದರಾಗ ತುಂಬಿ ತುಳುಕತಿದ್ವು. ಸತ್ತಿದ್ವು, ಖರೆ. ಆದ್ರ ಕಾಲಿಡಾಕ ಜಾಗಾ ಇರಲಿಲ್ಲ." ಅವರು ದನಿ ತಗ್ಗಿಸಿದರು. "ಇನ್ನೊಂದು ಮಾತು. ಅದರಾಗ ತತ್ತಿ ಹಳದಿ ಕೂಡಿತ್ತು. ಆಗ ಹಿಡಿದ ಹನಿಯೊಳಗ ಅದು ಹ್ಯಾಂಗ ಬರ್ತದ? ಐಸ್ ಡಬ್ಬ್ಯಾಗ ಹಾಕಿ ಊರಿಗೆ ಕಳಸೋ ಮುಂದ, ಥಂಡಿಗೆ ಸಾಯಬಾರದಂತ ಕೂಡಸ್ತಾರ. ಆ ನಳಿಕಿ ಟಗರಿನಿಂದ ಬಂದಿದ್ದಲ್ಲ ಮೇಡಂ, ಡಬ್ಬಿಯಿಂದ ಬಂದಿದ್ದು."

ಹಿಂದೆ ದಡಬಡ ಸದ್ದಾಯಿತು. ಸುಮೇಧನ ಕೈಯಿಂದ ಹಗ್ಗ ಜಾರಿ, ಹೆಣ್ಣು ಕುರಿ ಬಿಡಿಸಿಕೊಂಡು ಓಡಿತ್ತು. ಅವನು ಅದರ ಹಿಂದೆ ಹೋಗಲಿಲ್ಲ. ಮೈಕ್ರೋಸ್ಕೋಪನ್ನೇ ನೋಡುತ್ತ ನಿಂತಿದ್ದ.

ಅಣ್ಣನನ್ನು ಯಾರೋ ಕೊಂದಿದ್ದಾರೆಂದು ಈಗ ಗೊತ್ತಾಯಿತಲ್ಲ, ಪಾಪ, ಎಂದುಕೊಂಡಳು ಪ್ರಣಿತಾ. ಅವಳು ಜಾಣೆ. ಆದರೆ ಕರುಣೆ ಬಂದ ಕಡೆ ಅವಳ ಜಾಣತನ ಸ್ವಲ್ಪ ನಿಧಾನ.

"ಮಚ್ಚೇಂದ್ರ," ಎಂದು ಕಾನ್‌ಸ್ಟೇಬಲ್‌ನನ್ನು ಕರೆದಳು. "ಈ ಟಗರು ಇನ್ನ ಮುದ್ದೆಮಾಲು. ಯಾರೂ ಮುಟ್ಟಂಗಿಲ್ಲ. ಅಮೋಘಸಿದ್ದಪ್ಪ ನೀರು ಕುಡಸ್ಲಿ. ಮುದುಕನ್ನೂ ಎಲ್ಲೂ ಬಿಡಬ್ಯಾಡ." ಆಮೇಲೆ ಗೋವರ್ಧನನ ಕಡೆ ತಿರುಗಿದಳು. "ನೀವು ಲ್ಯಾಬಿಗೆ ಬರ್ರಿ."

ಲ್ಯಾಬು ಎಂದರೆ ಬೀಗ ಹಾಕಿದ ಒಂದು ಕೋಣೆ. ಒಂದು ಮೈಕ್ರೋಸ್ಕೋಪು, ಒಂದು ಫ್ರಿಜ್ಜು, ಗೋಡೆಗೆ ಹೂಮಾಲೆ ಹಾಕಿಸಿಕೊಂಡ ನವಾಬನ ದೊಡ್ಡ ಫೋಟೋ. ಪ್ರಣಿತಾ ಬಾಗಿಲು ಮುಂದೆ ಮಾಡಿದಳು.

"ನವಾಬ ಖಾಲಿ ಅಂತ ನಿಮಗ ಗೊತ್ತಿತ್ತು."

"ಗೊತ್ತಿತ್ತು." ಗೋವರ್ಧನ ಅಳುಕಲಿಲ್ಲ. "ನನಗ ಮತ್ತ ರತ್ನದೀಪಗ. ಈ ಕೋಣಿಯೊಳಗ ನಾವಿಬ್ಬರ ಬರ್ತಿದ್ವಿ. ಉಳದವರಿಗೆ ಹೊಸ್ತಿಲ ದಾಟಾಕ ಹುಕುಂ ಇಲ್ಲ."

"ಆದ್ರ ನವಾಬನ ಹೆಸರಿನ ನಳಿಕಿ ಊರೂರಿಗೆ ಹೋಗಾಕತ್ತಾವ."

"ಹಿಂದಿನ ದೊಡ್ಡಿ ಟಗರಿಂದು ತುಂಬಿ ಕಳಸ್ತೀವಿ. ಕುರಿಗೆ ಗಂಡನ ಹೆಸರು ಗೊತ್ತಾಗ್ತದೇನ್ರಿ? ಮರಿ ಹುಟ್ಟಿದ್ರ ಆತು."

"ರತ್ನದೀಪ ಒಪ್ಪಿದ್ನೇನು?"

"ಮೊದಲ ಬಾಯಿ ಮುಚ್ಕೊಂಡಿದ್ದ. ಸಂತ್ಯಾಗ ಆ ಮುದುಕ ಕೊರಳಪಟ್ಟಿ ಹಿಡಿದನಲ್ಲ, ಆಮ್ಯಾಲ ಆ ಎಡಚಗ ಇಮಾನು, ನಿಯತ್ತು ನೆನಪಾತು." ಗೋವರ್ಧನ ಮೈಕ್ರೋಸ್ಕೋಪಿನ ತಿರುಪನ್ನು ಬೆರಳಿನಿಂದ ತಟ್ಟಿದ. "ನೋಡ್ರಿ, ಎಡಗೈಲೆ ತಿರುವಿ ತಿರುವಿ ಇದನ್ನೂ ಕೆಡಿಸಿಟ್ಟಾನ. ಸಾಯೋ ಹಿಂದಿನ ಸಂಜಿ ಫೋನ್ ಮಾಡಿ, ಕುರಿಗಾರ್ರಿಗೆಲ್ಲಾ ಹೇಳಿಬಿಡ್ತೀನಿ, ಮೊದಲ ನಿಮ್ಮ ಮುಂದ ಬಂದು ಹೇಳ್ತೀನಿ ಅಂದ. ಕಾದೆ. ಬರಲಿಲ್ಲ."

"ಬಂದ. ಬಂದವನ್ನ ಕೊಂದ್ರಿ. ಡಬ್ಬಿಯಿಂದ ನಳಿಕಿ ತೆಗೆದು ಕಿಸೆದಾಗಿಟ್ಟು ಟಗರಿನ ಕೊಂಬಿಗೆ ಕಟ್ಟಿದ್ರಿ. ಇವತ್ತು ಟಗರನ್ನೂ ಮುಗಸಾಕ ಹೊಂಟಿದ್ರಿ."

ಗೋವರ್ಧನ ನಿಧಾನವಾಗಿ ನಕ್ಕ. ಅಂಗಳದಲ್ಲಿ ನಕ್ಕ ನಗು ಆಳುಗಳಿಗಾಗಿ. ಇದು ತನಗಾಗಿ ನಕ್ಕ ನಗು, ಅದನ್ನು ನೋಡಿ ಪ್ರಣಿತಾಳ ಮೈ ಉರಿಯಿತು.

"ಮೇಡಂ, ಟಗರು ಕೊಯ್ಯಾಕ ಹೊಂಟಿದ್ದು ಖರೆ. ಖಾಲಿ ಅಂತ ಊರಿಗೆ ಗೊತ್ತಾಗಬಾರದಂತ. ಅದು ನನ್ನ ಗುನ್ಹೆ, ಒಪ್ಕೋತೀನಿ. ಅವ ಸತ್ತದ್ದೂ ನನಗ ಛಲೋನೇ ಆತು. ಆದ್ರ ನನಗ ಛಲೋ ಆದದ್ದೆಲ್ಲಾ ನಾನ ಮಾಡಿದ್ದಲ್ಲ."

"ಮತ್ತ?"

"ನೀವ ವಿಚಾರ ಮಾಡ್ರಿ. ನವಾಬ ಖಾಲಿ ಅಂತ ಗೊತ್ತಿದ್ದವ, ನವಾಬನ ದೊಡ್ಡ್ಯಾಗ ಬಿದ್ದ ಹೆಣದ ಕಿಸೆದಾಗ ತುಂಬಿದ ನಳಿಕಿ ಇಡ್ತಾನೇನ್ರಿ? ನಾನಾಗಿದ್ರ ಖಾಲಿ ಕಿಸೆ ಬಿಡ್ತಿದ್ದೆ. ನೀವೂ ನಂಬ್ತಿದ್ರಿ, ಡಾಕ್ಟರೂ ನಂಬ್ತಿದ್ರು. ಇಟ್ಟವಗ ಎರಡು ಗೊತ್ತಿತ್ತು: ನಳಿಕಿ ಎದಿಗೆ ಹಚ್ಕೊಂಡು ಒಯ್ತಾರ ಅನ್ನೋದು, ಡಬ್ಬಿ ಎಲ್ಲಿರ್ತದ ಅನ್ನೋದು. ಮೈಕ್ರೋಸ್ಕೋಪಿನಾಗ ಏನ್ ಕಾಣ್ತದ ಅನ್ನೋದು ಗೊತ್ತಿರಲಿಲ್ಲ. ಅಂದ್ರ ಈ ಹೊಸ್ತಿಲ ದಾಟದವ."

ಇಂಥವನ ಬಾಯಿಂದ ಸರಿಯಾದ ಮಾತು ಬಂದಾಗ ಕೇಳಿಸಿಕೊಳ್ಳುವಷ್ಟು ಕಷ್ಟ ಬೇರೆ ಇಲ್ಲ. ಅವನು ಹೇಳಿದ್ದು ಸರಿಯಾಗಿತ್ತು.

"ಡಬ್ಬಿ ಯಾರ್ಯಾರು ಮುಟ್ತಾರ?"

"ನಾ ಕಟ್ತೀನಿ. ಸುಮೇಧ ಒಯ್ದು ಬಸ್ಸಿಗೆ ಹಾಕ್ತಾನ. ನಾರಾಯಣಪುರದಾಗ ಅಮೋಘಸಿದ್ದಪ್ಪ ಇಳಸ್ಕೋತಾನ."

ಅಮೋಘಸಿದ್ದಪ್ಪ. ಹುಗಿದುಬಿಡ್ತೀನಿ ಎಂದಿದ್ದ ಮುದುಕ. ಹನಿ ಹಿಡಿಯುವುದನ್ನು ಎಷ್ಟೋ ಸಲ ನೋಡಿದವನು, ಮೈಕ್ರೋಸ್ಕೋಪಿ‌ನೊಳಗೆ ಒಮ್ಮೆಯೂ ನೋಡದವನು. ತಾನು ಸಾಕಿದ ಟಗರಿನ ತಲೆಗೇ ಕೊಲೆ ಕಟ್ಟುತ್ತಾನೆಯೇ? ಸಿಟ್ಟಿನಲ್ಲಿ ಮನುಷ್ಯ ಏನು ಬೇಕಾದರೂ ಕಟ್ಟುತ್ತಾನೆ. ಪ್ರಣಿತಾ ಬಾಗಿಲು ತೆರೆದಳು.

"ಟಗರು ಮುದ್ದೆಮಾಲು ಅಂದ್ರಲ್ಲ," ಗೋವರ್ಧನ ಹಿಂದಿನಿಂದ ಕೇಳಿದ. "ಕೇಸು ಮುಗಿದ ಮ್ಯಾಲ ನನಗ ವಾಪಸ್ ಅಲ್ಲೇನು? ಖಾಲಿ ಟಗರಿಗೆ ಸುಮ್ಮ ಮೇವು ಹಾಕಂಗಿಲ್ಲ ನಾನು. ನೀವು ಖೂನಿ ಮಾಡಿದವನ್ನ ಹಿಡಿದ ದಿನ ಮೊಹಿನುದ್ದೀನ್‌ನ ಮತ್ತ ಕರಸ್ತೀನಿ."

ಅಂಗಳದಲ್ಲಿ ನವಾಬ ಅಮೋಘಸಿದ್ದಪ್ಪನ ಅಂಗೈಯಿಂದ ನೀರು ಕುಡಿಯುತ್ತಿತ್ತು. ಸುಮೇಧ ಕಾಣಲಿಲ್ಲ. ಪ್ರಣಿತಾಳ ಶಾಲು ಕಟ್ಟುಗೂಟದ ಮೇಲೆ ಹಾಗೇ ಇತ್ತು.

ಹುಮನಾಬಾದಿನಿಂದ ಬಸವಕಲ್ಯಾಣದ ದಾರಿ ಹಿಡಿದು, ಪೇಟೆಯ ಗದ್ದಲ ದಾಟಿ ಮಂಠಾಳ ಸೇರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಎರಡೂ ಕಡೆ ಹೊಲಗಳಲ್ಲಿ ತೊಗರಿ ಕೊಯ್ಲು. ಪ್ರಣಿತಾ ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದಳು. ಅರ್ಧ ಮಾತು ಉಳಿಸಿಕೊಂಡಿದ್ದೇನೆ ಕಮಳಾಬಾಯಿ, ನಿನ್ನ ಮಗನನ್ನು ಟಗರು ಕೊಂದಿಲ್ಲ. ಹೆಸರನ್ನೂ ಇವತ್ತು ನಾಳೆ ತರುತ್ತೇನೆ. ಅದಕ್ಕೆ ಒಂದೇ ಒಂದು ಸಂಗತಿ ಗಟ್ಟಿಯಾಗಬೇಕಿತ್ತು: ರತ್ನದೀಪನ ಜಾಕೀಟಿನ ಒಳಗಿಸೆಯ ವಿಷಯ ಅಮೋಘಸಿದ್ದಪ್ಪನಿಗೆ ಗೊತ್ತಿತ್ತೇ?

ಕಮಳಾಬಾಯಿ ಗೋಡೆಗೊರಗಿ ಕುಳಿತಿದ್ದಳು. ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ. ಕೆಳಗೆ ಮಗನ ಫೋಟೋಗೆ ದೀಪ ಹಚ್ಚಿರಲಿಲ್ಲ. ಹೆಸರು ಬರುವ ತನಕ ಹಚ್ಚುವುದಿಲ್ಲ ಎಂದು ಹಟ ಹಿಡಿದಿದ್ದಳು. ಪ್ರಣಿತಾ ಬಾಗಿಲ ಹಿಂದಿನ ಮೂಲೆಯ ಚಾಪೆಯ ಮೇಲೆ ಕುಳಿತು, ನಡೆದದ್ದನ್ನು ಹೇಳಿದಳು.

ಮುದುಕಿ ಅಳಲಿಲ್ಲ. ಎದ್ದು ಬಂದು ಪ್ರಣಿತಾಳ ತಲೆಯ ಮೇಲೆ ಕೈಯಿಟ್ಟಳು. "ನಾ ಹೇಳಿರಲಿಲ್ಲೇನು ಟಗರು ಕೊಂದಿಲ್ಲಂತ? ಈಗ ಹೆಸರು ಹೇಳು ತಾಯಿ. ಅವಂಗೂ ಹೆತ್ತಾಕಿ ಇದ್ರ, ಆಕಿ ಹೊಟ್ಟಿನೂ ನನ್ನಂಗ ಉರೀಲಿ. ನಾ ನಿಂತು ನೋಡ್ತೀನಿ."

"ಹೇಳ್ತೀನಿ. ಮೊದಲ ನೀವೊಂದು ಹೇಳ್ರಿ. ರತ್ನದೀಪ ತೊಡತಿದ್ದ ಜಾಕೀಟ ಹೊಲದವರು ಯಾರು?"

"ನಾನ ಹೊಲ್ದೀನಿ. ಹಳೇ ಕೌದಿ ಹರದು, ಒಳಗ ಕಿಸೆ ಇಟ್ಟು. ಟಗರಿನ ಜೀವಾ ಎದಿ ಮ್ಯಾಲ ಬೆಚ್ಚಗಿರಬೇಕವ್ವಾ ಅಂತಿದ್ದ." ಹೇಳುತ್ತ ತನ್ನ ಎದೆ ಮುಟ್ಟಿ ತೋರಿಸಿದಳು. "ಯಾಕ?"

ಪ್ರಣಿತಾ ಮೊಬೈಲಿನಲ್ಲಿದ್ದ ಹೆಣದ ಫೋಟೋ ತೆರೆದಳು. ಮುಖ ಕಾಣದ ಹಾಗೆ ದೊಡ್ಡದು ಮಾಡಿ, ಎದೆಯ ಭಾಗ ಮಾತ್ರ ತೋರಿಸಿದಳು. ಅಂಗಿ ಸರಿಸಿದ ಕಡೆ ಕೌದಿಯ ತುಂಡುಗಳ ಜಾಕೀಟು, ಎದೆಯ ಎಡಗಡೆಯ ಕಿಸೆಯಿಂದ ಇಣುಕುವ ನಳಿಕೆ. ಬಟ್ಟೆಗಳೆಲ್ಲ ಪೊಲೀಸರ ವಶದಲ್ಲಿದ್ದವು. ಜಾಕೀಟಿನ ಮಾತನ್ನು ತಾಯಿಗೆ ಯಾರೂ ಎತ್ತಿರಲಿಲ್ಲ.

ಕಮಳಾಬಾಯಿ ಫೋಟೋವನ್ನು ಕಣ್ಣ ಹತ್ತಿರ ತಂದುಕೊಂಡಳು.

"ಇದು ಅವಂದಲ್ಲ."

"ಏನು?"

"ಅವಂದಲ್ಲ ತಾಯಿ. ಅವಂದು ಇಲ್ಲೇ ಐತಲ್ಲ." ಎದ್ದು ಹೋಗಿ ಗೋಡೆಯ ಗೂಟದಿಂದ ಜಾಕೀಟು ಇಳಿಸಿ ತಂದಳು. "ಆ ಸಂಜಿ ತೊಡಲಿಲ್ಲ. 'ಹನಿ ಹಿಡ್ಯಾಕಲ್ಲವ್ವಾ, ಮಾಲಕನ ಕೂಡ ಮಾತಾಡಾಕ ಹೊಂಟೀನಿ, ರಾತ್ರಿ ಅಲ್ಲೇ ತಮ್ಮನ ಹತ್ರ ಮಲಗತೀನಿ' ಅಂದು ಹಂಗೇ ಹೋದ. ನೋಡಿಲ್ಲಿ, ಅವ ಎಡಚ. ಎಡಗೈಗೆ ಸಿಗಲೆಂತ ಕಿಸೆ ಬಲಕ್ಕ ಇಟ್ಟೀನಿ. ಫೋಟೋದಾಗ ಎಡಕ್ಕೈತಿ. ಅದು ಇವಂದಲ್ಲ, ಅದು..."

ಅವಳು ಗೋಡೆಯ ಕಡೆ ತಿರುಗಿ ನೋಡಿದಳು.

ಪ್ರಣಿತಾಳ ಕಣ್ಣೂ ಗೋಡೆಯ ಮೇಲೆ ಹೋಯಿತು. ಅಲ್ಲಿ ಎರಡು ಗೂಟಗಳಿದ್ದವು. ಒಂದು ಈಗ ಖಾಲಿಯಾಗಿದ್ದು. ಇನ್ನೊಂದು ಮೊದಲೇ ಖಾಲಿ ಇದ್ದದ್ದು.

ಆ ತೆಳು ಅಂಗಿ, ಕಟಕಟ ಎನ್ನುತ್ತಿದ್ದ ಹಲ್ಲು, ಜಾರಿದ ಹಗ್ಗ, ಗೂಟದ ಮೇಲೆ ಬಿಟ್ಟು ಹೋದ ಶಾಲು ಎಲ್ಲವೂ ಒಟ್ಟಿಗೆ ನೆನಪಾದವು. ಜಾಕೀಟಿಲ್ಲದೆ ಬಂದಿದ್ದ ಮನುಷ್ಯನನ್ನು ಹನಿ ಹಿಡಿಯುತ್ತ ಸತ್ತಂತೆ ತೋರಿಸಬೇಕಾದವನು, ಸತ್ತ ಮೈಗೆ ಒಂದು ಜಾಕೀಟು ತೊಡಿಸಲೇಬೇಕಾಗಿತ್ತು. ಕೈಗೆ ಸಿಕ್ಕ ಜಾಕೀಟು ಯಾರದ್ದು?

"ಎಷ್ಟು ಹೊಲದ್ರಿ?" ತನ್ನ ದನಿ ತನಗೇ ಕಟುವಾಗಿ ಕೇಳಿಸಿತು. ಆದರೂ ಬಿಡಲಿಲ್ಲ. "ಆ ಕೌದಿಯಿಂದ ಜಾಕೀಟ ಎಷ್ಟು ಹೊಲದ್ರಿ ಕಮಳಾಬಾಯಿ?"

"ಒಂದ," ಎಂದಳು ಕಮಳಾಬಾಯಿ.

"ಒಂದ?"

"ಒಂದ ಹೊಲ್ದೀನಿ." ಅವಳು ಫೋಟೋದಿಂದ ಕಣ್ಣು ತೆಗೆದಳು. "ನನಗ ಕಣ್ಣು ಕಾಣಂಗಿಲ್ಲ ತಾಯಿ. ಫೋಟೋ ಸರಿ ಕಾಣಲಿಲ್ಲ. ಅದು ಅವಂದ ಇರಬೇಕು."

"ಹಂಗಾದ್ರ ನಿಮ್ಮ ಕೈಯಾಗಿರೋದು ಯಾರದು?"

ಹೊರಗೆ ಬೈಕು ನಿಂತ ಸದ್ದಾಯಿತು. ಕಮಳಾಬಾಯಿ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಳು, ಬರಬೇಡ ಎಂದು ಕೂಗಲೋ ಬಾ ಎನ್ನಲೋ ತಿಳಿಯದವಳ ಹಾಗೆ ಬಾಯಿ ತೆರೆದು ನಿಂತಳು. ಅಷ್ಟರಲ್ಲಿ ಸುಮೇಧ ಒಳಗೆ ಬಂದೇಬಿಟ್ಟಿದ್ದ. ಬಿಸಿಲಿನಿಂದ ಬಂದವನಿಗೆ ಬಾಗಿಲ ಹಿಂದಿನ ಮೂಲೆ ಕಾಣಲಿಲ್ಲ.

"ಅವ್ವಾ, ಮಾಲಕ ಅಣ್ಣನ ಜಾಗಾಕ್ಕ ನನ್ನ ತಗೊಂಡಾನ," ಎಂದ. ದನಿಯಲ್ಲಿ ಅಳುವೂ ಇತ್ತು, ಅದರ ಕೆಳಗೆ ಮುಚ್ಚಿಟ್ಟ ಹಿಗ್ಗೂ ಇತ್ತು. "ನಾಳಿಂದ ಹನಿ ನಾನ ಹಿಡೀಬೇಕು. ಅಣ್ಣಂದು ಜಾಕೀಟ ಕೊಡು."

"ನಿಂದೆಲ್ಲೈತಿ ಸುಮೇಧ?"

ಅವನು ಸರ್ರನೆ ತಿರುಗಿದ. ಮೂಲೆಯ ಚಾಪೆಯ ಮೇಲಿಂದ ಪ್ರಣಿತಾ ಏಳುತ್ತಿದ್ದಳು. ಬಾಗಿಲಿಗೂ ಅವನಿಗೂ ನಡುವೆ ಬಂದು ನಿಂತಳು. ಅವನು ತಾಯಿಯ ಕಡೆ ನೋಡಿದ.

ಕಮಳಾಬಾಯಿ ಅವನ ಕಡೆ ನೋಡಲಿಲ್ಲ. ಸತ್ತ ಮಗನ ಜಾಕೀಟನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡು, ಪ್ರಣಿತಾಳ ಕಣ್ಣಲ್ಲಿ ಕಣ್ಣಿಟ್ಟಳು.

"ಟಗರೇ ಕೊಂದೈತಿ ತಾಯಿ," ಎಂದಳು. "ಬರಕೋ. ನಾ ಹೆಬ್ಬೆಟ್ಟು ಒತ್ತತೀನಿ."